ಕ್ಲಚ್ ಇಲ್ಲದ ಗಾಡಿ ಬೇಡ

ಅಪ್ಪನನ್ನು ಬಸ್ಸಿನಿಂದ ಇಳಿಸಿದ ಮೇಲೆ ಅವನು ಬಂದು ಹತ್ತಿ ಕೂತದ್ದು ನನ್ನ ತಲೆಯ ಮೇಲೆ.

ಆಯಸ್ಸೆಲ್ಲ ಸಿಟಿ ಬಸ್ಸು ಓಡಿಸಿದವನು ಅಪ್ಪ. ಈ ಸಲದ ತಪಾಸಣೆಯಲ್ಲಿ ಬಲಗಣ್ಣಿನ ದೃಷ್ಟಿ ಸಾಲದು, ಇನ್ನು ಅದು ಸರಿಹೋಗುವಂಥದ್ದೂ ಅಲ್ಲ ಎಂದು ಡಾಕ್ಟರು ಬರೆದುಕೊಟ್ಟರು. ಡಿಪೋದವರು ಕೈಕುಲುಕಿ ಮನೆಗೆ ಕಳಿಸಿದರು. ಅಪ್ಪ ಮಾತ್ರ ಒಪ್ಪಲಿಲ್ಲ. ಅವನ ಪ್ರಕಾರ ಕೆಟ್ಟದ್ದು ಅವನ ಕಣ್ಣಲ್ಲ, ಡಾಕ್ಟರ ಗೋಡೆಯ ಮೇಲಿದ್ದ ಅಕ್ಷರಗಳು. ಅಚ್ಚು ಹಾಕಿದವನೇ ಸರಿಯಾಗಿ ಹಾಕಿರಲಿಲ್ಲವಂತೆ. ಮನೆಯಲ್ಲಿ ಬಲಗಡೆ ಇಟ್ಟ ಲೋಟಕ್ಕೆ ಕೈ ತಾಗಿ ಉರುಳಿದರೆ ಅದು ಲೋಟ ಇಟ್ಟವರ ತಪ್ಪು. ಮನೆಯಲ್ಲಿರುವುದು ನಾವಿಬ್ಬರೇ ಆದ್ದರಿಂದ ಎಲ್ಲ ತಪ್ಪೂ ನನ್ನದೇ.

ನನ್ನದು ಹೊಲಿಗೆ ಅಂಗಡಿ. ಅಪ್ಪ ಬೆಳಗಾದರೆ ಅಲ್ಲಿಗೆ ಬಂದು ಗಿರಾಕಿಗಳ ಕುರ್ಚಿಯಲ್ಲಿ ಕೂತು ಎಲ್ಲದರಲ್ಲೂ ಮೂಗು ತೂರಿಸತೊಡಗಿದ. ನಾನು ಮಷಿನ್ ಓಡಿಸಿದರೆ "ತಿರುವಲ್ಲಿ ಇಷ್ಟು ಜೋರಾ?" ಅನ್ನುವನು. ಅಳತೆ ಕೊಡಲು ಬಂದವರನ್ನು "ಒಳಗೆ ಹೋಗಿ, ಬಾಗಿಲಲ್ಲಿ ನಿಲ್ಲಬೇಡಿ" ಎಂದು ಗದರುವನು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಆದರೂ ಬಾಯಿ ಬಿಗಿಹಿಡಿದೆ, ಯಾಕೆಂದರೆ ಗಿರಾಕಿ ಇಲ್ಲದ ಹೊತ್ತಿನಲ್ಲಿ ಅವನು ಬೀದಿಯಲ್ಲಿ ಹೋಗುವ ಬಸ್ಸುಗಳನ್ನು ನೋಡುತ್ತಿದ್ದ ರೀತಿ ನನಗೆ ನೋಡಲಾಗುತ್ತಿರಲಿಲ್ಲ.

ಎದುರುಗಡೆ ಕಂಪ್ಯೂಟರ್ ರಿಪೇರಿ ಅಂಗಡಿ. ಅದರವನು ಏನನ್ನೇ ಬಿಚ್ಚಿ ಮತ್ತೆ ಜೋಡಿಸಿದರೂ ಕೊನೆಗೆ ಮೇಜಿನ ಮೇಲೊಂದು ಸ್ಕ್ರೂ ಉಳಿದೇ ಉಳಿಯುತ್ತದೆ. ಹಾಗಾಗಿ ಬೀದಿಗೆಲ್ಲ ಅವನು ಸ್ಕ್ರೂ. ಒಂದು ದಿನ ಅಪ್ಪ ನನ್ನ ಮೇಲೆ ಮುಖ ಊದಿಸಿಕೊಂಡು ಅಲ್ಲಿಗೆ ಹೋದ. ಯಾರದೋ ಕಂಪ್ಯೂಟರಿನಲ್ಲಿ ಸ್ಕ್ರೂ ಬಸ್ಸು ಓಡಿಸುವ ಆಟ ಹಾಕಿ ನೋಡುತ್ತಿದ್ದನಂತೆ. ಅಪ್ಪ ಸಂಜೆಯಾದರೂ ಬರಲಿಲ್ಲ. ಊಟಕ್ಕೆ ಕೂತಾಗ ಮೇಜಿನಡಿ ಅವನ ಎಡಗಾಲು ತಾನಾಗಿ ಒತ್ತುತ್ತ, ಬಿಡುತ್ತ ಇತ್ತು. ಅದು ಕ್ಲಚ್ ಎಂದು ಡ್ರೈವರನ ಮಗಳಿಗೆ ಹೇಳಿಕೊಡಬೇಕಾಗಿರಲಿಲ್ಲ.

"ಒಂದು ಕಂಪ್ಯೂಟರ್ ಮಾಡಿಸೋಣ ಅಪ್ಪ, ಆ ಆಟ ಆಡೋವಂಥದ್ದು" ಎಂದೆ.

"ನನಗ್ಯಾಕೆ ಆಟದ ಸಾಮಾನು, ನಾನೇನು ಮಗುನಾ?" ಎಂದ. ಇನ್ನೊಂದು ತುತ್ತು ನುಂಗಿ, "ಎಷ್ಟಾಗುತ್ತಂತೆ?" ಎಂದ.

ಇಬ್ಬರೂ ಸೇರಿ ಇಷ್ಟೇ ಎಂದು ಒಂದು ಮಿತಿ ಹಾಕಿಕೊಂಡೆವು. ಅದನ್ನು ದಾಟುವ ಹಾಗಿಲ್ಲ ಎಂದು ಅಪ್ಪ ಪಟ್ಟು ಹಿಡಿದ. ಮಿತಿಯನ್ನು ಕೇಳಿದ ಸ್ಕ್ರೂ ತಲೆ ಕೆರೆದುಕೊಂಡ.

"ಯಜಮಾನ್ರೇ, ಈ ದುಡ್ಡಿಗೆ ಆಟ ಓಡುತ್ತೆ. ಆದ್ರೆ ಒಂದು ಕಡೆ ಎಳೆದ್ರೆ ಇನ್ನೊಂದು ಕಡೆ ಸಾಲಲ್ಲ. ಲೆಕ್ಕ ಎಲ್ಲ ಮಾಡೋದು ಪ್ರೊಸೆಸರ್, ಅದನ್ನ ತೆರೆ ಮೇಲೆ ಚಿತ್ರ ಮಾಡಿ ತೋರಿಸೋದು ಗ್ರಾಫಿಕ್ಸ್ ಕಾರ್ಡ್. ಆಟಕ್ಕೆ ಕಾರ್ಡೇ ಮುಖ್ಯ. ಅರ್ಧದಷ್ಟು ದುಡ್ಡು ಅದಕ್ಕೇ ಇಟ್ಕೊಳ್ಳಿ."

"ಸ್ಟೇರಿಂಗು?"

ಸ್ಕ್ರೂ ಒಂದು ಸ್ಟೇರಿಂಗ್ ತಂದಿಟ್ಟ. ಅಪ್ಪ ಅದರ ಕಡೆ ನೋಡಲೂ ಇಲ್ಲ, ಬಗ್ಗಿ ಕೆಳಗಿನ ಪೆಡಲುಗಳನ್ನು ನೋಡಿದ. "ಎರಡೇ ಇದೆ. ಕ್ಲಚ್ ಎಲ್ಲಿ?"

"ಆಟದಲ್ಲಿ ಗೇರ್ ತಾನೇ ಬೀಳುತ್ತೆ ಯಜಮಾನ್ರೇ."

"ತಾನೇ ಬಿದ್ರೆ ನಾನ್ಯಾಕೆ ಕೂರ್ಬೇಕು? ಕ್ಲಚ್ ಇಲ್ಲದ ಗಾಡಿ ಬೇಡ."

ಮೂರು ಪೆಡಲಿನ ಸ್ಟೇರಿಂಗಿಗೆ ಬೆಲೆ ಬಹಳ. ಅದನ್ನು ತೆಗೆದುಕೊಂಡ ಕ್ಷಣವೇ ಉಳಿದ ಸಾಮಾನೆಲ್ಲ ಬಡವಾಯಿತು. ಪ್ರೊಸೆಸರ್ ಒಂದು ಮೆಟ್ಟಿಲು ಇಳಿಯಿತು, ಮದರ್‌ಬೋರ್ಡ್ ಎರಡು ಮೆಟ್ಟಿಲು. ಬಣ್ಣಬಣ್ಣದ ದೀಪದ ರ‍್ಯಾಮ್ ಹೋಗಿ ಬೋಳು ರ‍್ಯಾಮ್ ಬಂತು. ಸದ್ದು ಮಾಡದ ದುಬಾರಿ ಫ್ಯಾನುಗಳನ್ನು ಅಪ್ಪನೇ ಬೇಡವೆಂದ. ಸದ್ದಿಲ್ಲದ ಗಾಡಿ ಕೆಟ್ಟರೆ ಗೊತ್ತಾಗುವುದು ಹೇಗೆ ಎಂಬುದು ಅವನ ವಾದ. ಒಂದು ವಿಷಯದಲ್ಲಿ ಮಾತ್ರ ಸ್ಕ್ರೂ ನಮ್ಮ ಮಾತಿಗೆ ಸೊಪ್ಪು ಹಾಕಲಿಲ್ಲ. ಕರೆಂಟು ಹಂಚುವ ಪವರ್ ಸಪ್ಲೈನಲ್ಲಿ ಕಾಸು ಉಳಿಸಿದರೆ ಮಿಕ್ಕದ್ದೆಲ್ಲ ಸುಟ್ಟುಹೋಗುತ್ತದೆ ಎಂದು ಒಳ್ಳೆಯದನ್ನೇ ಎತ್ತಿಟ್ಟ. ಆಮೇಲೆ, ಪಾಪ, ಒಳ್ಳೆಯ ಮನಸ್ಸಿನಿಂದಲೇ, "ಕಣ್ಣಿಗೆ ಅನುಕೂಲ ಆಗ್ಲಿ, ದೊಡ್ಡ ಮಾನಿಟರ್ ತಗೊಳ್ಳಿ" ಎಂದ.

"ನನ್ನ ಕಣ್ಣಿಗೇನಾಗಿದೆ?" ಎಂದ ಅಪ್ಪ. ಸಣ್ಣ ಮಾನಿಟರ್ ಬಂತು.

ಕಾರ್ಡಿಗೆ ಉಳಿದ ದುಡ್ಡಿನಲ್ಲಿ ಹೊಸದು ಸಿಗುವಂತಿರಲಿಲ್ಲ. ಸ್ಕ್ರೂ ಯಾರೋ ಬಳಸಿ ಬಿಟ್ಟ ಕಾರ್ಡೊಂದನ್ನು ಹುಡುಕಿ ತಂದ. ಶಕ್ತಿಯಲ್ಲಿ ಭೀಮ, ಉದ್ದದಲ್ಲೂ ಭೀಮ, ಮೈಮೇಲೆ ಮೂರು ಫ್ಯಾನು. ಒಮ್ಮೆ ಕೊಂಡರೆ ವಾಪಸ್ಸಿಲ್ಲ ಎಂಬ ಕರಾರು. ಕೊನೆಗೆ ಇವೆಲ್ಲವನ್ನೂ ತುಂಬುವ ಪೆಟ್ಟಿಗೆ, ಅಂದರೆ ಕ್ಯಾಬಿನೆಟ್. ಅಂಗಡಿಯ ಮೂಲೆಯಲ್ಲಿ ಪ್ರದರ್ಶನಕ್ಕಿಟ್ಟು ಮೂಲೆ ತರಚಿದ್ದ ಚಿಕ್ಕದೊಂದು ಅಗ್ಗಕ್ಕೆ ಸಿಗುತ್ತಿತ್ತು, ಅದಕ್ಕೂ ವಾಪಸ್ಸಿಲ್ಲ. ಸ್ಕ್ರೂ ಯಾರ ಜೊತೆಗೋ ಫೋನಿನಲ್ಲಿ ಮುಳುಗಿದ್ದ. ನಾನು ಕೊರಳಲ್ಲಿದ್ದ ಟೇಪು ತೆಗೆದೆ. ಕಾರ್ಡ್ ಅಳೆದೆ, ಕ್ಯಾಬಿನೆಟ್ ಅಳೆದೆ, ಅರ್ಧ ಇಂಚು ಸಡಿಲವೂ ಉಳಿಯಿತು.

"ಹಿಡಿಸುತ್ತಾ ಅಕ್ಕ?" ಫೋನಿನ ಮೇಲೆ ಕೈಯಿಟ್ಟು ಸ್ಕ್ರೂ ಕೇಳಿದ.

"ಅಳತೆ ನನಗೆ ಹೇಳಿಕೊಡ್ತೀಯಾ?" ಎಂದೆ. ಅಳತೆಯಲ್ಲಿ ನನ್ನದು ಎತ್ತಿದ ಕೈ ಎಂದು ಬೀದಿಗೇ ಗೊತ್ತು, ಸ್ಕ್ರೂ ಫೋನಿಗೆ ಮರಳಿದ.

ವಾರದ ರಜೆಯ ದಿನ ನನ್ನ ಅಂಗಡಿಯ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಜೋಡಣೆ ಶುರುವಾಯಿತು. ಅಪ್ಪ ಡ್ಯೂಟಿಗೆ ಹೊರಟವನಂತೆ ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದ. ಒಂದೊಂದೇ ಸಾಮಾನು ತನ್ನ ಜಾಗದಲ್ಲಿ ಕೂತಿತು. ಎಲ್ಲಕ್ಕಿಂತ ಕೊನೆಗೆ ಸ್ಕ್ರೂ ಕಾರ್ಡನ್ನು ಎತ್ತಿಕೊಂಡ, ಓರೆ ಮಾಡಿದ, ನೇರ ಮಾಡಿದ, ಮತ್ತೆ ಓರೆ ಮಾಡಿದ.

"ಅಕ್ಕ, ನೀವು ಅಳೆದದ್ದು ಎಲ್ಲಿಂದ ಎಲ್ಲಿಗೆ?"

ತೋರಿಸಿದೆ. ತೋರಿಸುವಾಗಲೇ ನನಗೆ ಗೊತ್ತಾಯಿತು. ಅಂಗಿಗೆ ಅಳತೆ ತೆಗೆಯುವುದು ಮೈಯ ಹೊರಗಿನಿಂದ, ಅದು ಕೈಗೆ ಅಂಟಿದ ರೂಢಿ. ಇಲ್ಲಿ ಮೈ ಅಂದರೆ ಕಾರ್ಡು, ಕ್ಯಾಬಿನೆಟ್ಟು ಅದಕ್ಕೆ ತೊಡಿಸುವ ಅಂಗಿ. ನಾನು ಅಂಗಿಯನ್ನೇ ಮೈ ಎಂದುಕೊಂಡು ಹೊರಗಿನಿಂದ ಟೇಪು ಹಿಡಿದಿದ್ದೆ. ಮುಂದಿನ ಫ್ಯಾನು, ಅದರಾಚೆಯ ತಗಡು, ತಗಡಿನ ಮೇಲಿನ ದಪ್ಪ ಪ್ಲಾಸ್ಟಿಕ್ ಮುಚ್ಚಳ ತಿಂದ ಜಾಗವನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ನನ್ನ ಕೆನ್ನೆಗೆ ನಾನೇ ಎರಡು ಬಾರಿಸಿಕೊಳ್ಳೋಣ ಅನ್ನಿಸಿತು.

ಅಪ್ಪ ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ನಿಧಾನಕ್ಕೆ ಎದ್ದು, "ಬಿಡಮ್ಮ. ಗಾಡಿ ಓಡಿಸೋದು ಮುಗೀತು ಅಂದ್ರೆ ಮುಗೀತು" ಎಂದು ಹೊರಗೆ ಹೋಗಿ ಮೆಟ್ಟಿಲ ಮೇಲೆ ಬೀದಿಗೆ ಬೆನ್ನು ಹಾಕಿ ಕೂತ. ಒಂದು ಬಸ್ಸು ಹಾದುಹೋಯಿತು. ಅವನು ತಿರುಗಿ ನೋಡಲಿಲ್ಲ, ನನಗೆ ಅಳು ಬಂತು.

ಅಳುತ್ತಾ ಕೂರುವ ಜಾತಿಯವಳಲ್ಲ ನಾನು. ಅಂಗಿ ಬಿಗಿಯಾಯಿತು ಎಂದು ಬಂದ ಗಿರಾಕಿಯನ್ನು ಯಾವತ್ತಾದರೂ ಹಾಗೇ ವಾಪಸ್ ಕಳಿಸಿದ್ದೀನಾ? "ಮುಂದಿನ ತಗಡು ಕತ್ತರಿಸು" ಎಂದೆ.

ಸ್ಕ್ರೂ ಕಣ್ಣುಬಾಯಿ ಬಿಟ್ಟ. "ಹಾಗೆಲ್ಲ ಯಾರೂ ಮಾಡಲ್ಲ ಅಕ್ಕ."

"ಆಲ್ಟರೇಷನ್ ನನ್ನ ಕಸುಬು. ನಾನು ಗೆರೆ ಹಾಕ್ತೀನಿ, ನೀನು ಕತ್ತರಿಸು. ಕಾರ್ಡಿನ ತುದಿ ಆಚೆಗೆ ಬಂದ್ರೆ ಬರಲಿ."

ಈ ಸಲ ಅಳತೆ ಒಳಗಿನಿಂದ ತೆಗೆದೆ. ಅದೂ ಸಾಲದೆಂದು ಸ್ಕ್ರೂ ಕೈಯಲ್ಲೂ ಅಳೆಸಿದೆ. ಬೋರ್ಡನ್ನೆಲ್ಲ ಮತ್ತೆ ಹೊರತೆಗೆದು, ಪ್ಲಾಸ್ಟಿಕ್ ಮುಚ್ಚಳವನ್ನು ಕಳಚಿ ಬದಿಗಿಟ್ಟು, ಮುಂದಿನ ಫ್ಯಾನನ್ನು ಮೇಲಕ್ಕೆ ವರ್ಗಾಯಿಸಿ, ಸೀಮೆಸುಣ್ಣದ ಗೆರೆಯ ಗುಂಟ ತಗಡು ಕತ್ತರಿಸಿದೆವು. ಸದ್ದು ಕೇಳಿ ಅಪ್ಪ ಬಾಗಿಲಿಗೆ ಬಂದ. ಆ ಹೊತ್ತಿಗೆ ಕಾರ್ಡು ಒಳಗೆ ಕೂತು, ಅದರ ಮುಂದಿನ ತುದಿ ಕ್ಯಾಬಿನೆಟ್ಟಿನ ಮುಖದಿಂದ ಎರಡು ಬೆರಳಿನಷ್ಟು ಹೊರಗೆ ಚಾಚಿತ್ತು. ಅಪ್ಪ ಅದನ್ನೇ ನೋಡುತ್ತ ನಿಂತ. ಮತ್ತೆ ಶುರುವಾಯಿತು ರಗಳೆ ಎಂದುಕೊಂಡೆ.

"ನಾನು ಓಡಿಸಿದ ಮೊದಲನೇ ಗಾಡಿಗೆ ಹೀಗೇ ಮೂಗಿತ್ತು" ಎಂದ ಅಪ್ಪ. "ಎಂಜಿನ್ ಎಲ್ಲ ಮುಂದೆ, ಮೂಗೊಳಗೆ. ಬಲು ಗಟ್ಟಿ ಗಾಡಿ." ನಕ್ಕೂಬಿಟ್ಟ. ಅವನು ನಕ್ಕು ಎಷ್ಟು ಕಾಲವಾಗಿತ್ತೆಂಬುದು ಆಗಲೇ ನನಗೆ ಹೊಳೆದದ್ದು.

ಸಂಜೆಯ ಬಿಸಿಲು ಬಾಗಿಲಿನಿಂದ ಒಳಗೆ ಬೀಳುವ ಹೊತ್ತಿಗೆ ಆಟ ತೆರೆದುಕೊಂಡಿತು. ಎಂದಿನಂತೆ ಒಂದು ಸ್ಕ್ರೂ ಮೇಜಿನ ಮೇಲೆ ಉಳಿದಿತ್ತು, ಯಾರೂ ಅದರ ಬಗ್ಗೆ ತಲೆಕೆಡಿಸಿಕೊಳ್ಳಲಿಲ್ಲ. ಅಪ್ಪ ಕುರ್ಚಿಯನ್ನು ಹಿಂದೆ ಮುಂದೆ ಸರಿಸಿ, ಕ್ಲಚ್ ಒತ್ತಿ ನೋಡಿ, ಗಾಡಿ ಹೊರಡಿಸಿದ. ಅವನ ಬೆನ್ನು ನೆಟ್ಟಗಾಯಿತು, ಭುಜ ಇಳಿಯಿತು. ಬೀದಿಯ ಮನೆಗಳು, ಮರಗಳು, ದೀಪದ ಕಂಬಗಳು ಒಂದಾದ ಮೇಲೊಂದು ಹಿಂದೆ ಸರಿದವು. ಮೊದಲ ನಿಲ್ದಾಣದಲ್ಲಿ ನಿಲ್ಲಿಸಿ ಬಾಗಿಲು ತೆರೆದ, ಜನ ಹತ್ತಿದರು, ಬಾಗಿಲು ಮುಚ್ಚಿದ. ಆದರೆ ಗಾಡಿ ಮುಂದೆ ಹೋಗಲಿಲ್ಲ.

"ಹೊರಡಿ ಯಜಮಾನ್ರೇ, ತಡವಾದ್ರೆ ಅಂಕ ಹೋಗುತ್ತೆ" ಎಂದ ಸ್ಕ್ರೂ.

ಅಪ್ಪ ತೆರೆಯ ಬಲಮೂಲೆಯ ಕನ್ನಡಿಯತ್ತ ಕತ್ತು ಚಾಚಿದ. ಕಣ್ಣು ಕಿರಿದು ಮಾಡಿದ. ಇನ್ನಷ್ಟು ಬಗ್ಗಿದ. ಮಾನಿಟರ್ ಮಾಡಿದವನಿಗೆ ಈಗ ಬೈಗುಳ ಕಾದಿದೆ ಎಂದುಕೊಂಡು ನಾನು ಸಿದ್ಧಳಾಗಿ ನಿಂತೆ. ಅಪ್ಪ ಸ್ಟೇರಿಂಗಿನಿಂದ ಕೈ ತೆಗೆಯದೆ ನನ್ನ ಕಡೆ ನೋಡಿದ.

"ಬಲಗಡೆ ನನಗೆ ಕಾಣಲ್ಲಮ್ಮ" ಎಂದ. "ಗಾಡಿ ತುಂಬ ಜನ ಇದ್ದಾರೆ. ನೀನು ನೋಡಿ ಹೇಳು."

ನಾನು ಹೊಲಿಗೆಯ ಸ್ಟೂಲನ್ನು ಎಳೆದುಕೊಂಡು ಅವನ ಬಲಕ್ಕೆ ಕೂತೆ. ಕನ್ನಡಿಯಲ್ಲಿ ದೂರದವರೆಗೂ ರಸ್ತೆ ಖಾಲಿಯಿತ್ತು.

"ಯಾರೂ ಇಲ್ಲ ಅಪ್ಪ, ಹೋಗು" ಎಂದೆ.