ಚಾಪೆ ರಾಜ್ಯ

ಆಸ್ವಾಲ್ಡ್ ಒಂದು ರಾಜ್ಯ ಕಟ್ಟಿದ. ಅದಕ್ಕೆ ಬೇಕಾದದ್ದು ಒಂದು ಪ್ಲಾಸ್ಟಿಕ್ ಚಾಪೆ, ಒಂದು ಫ್ಲಾಸ್ಕ್ ಚಹಾ ಮತ್ತು ದುಡಿಯಲು ಬಂದ ಗಲ್ಫ್ ನಾಡಿನ ಅಲ್ ಗುಬ್ರಾದ ಕಡಲ ದಂಡೆ, ಅಷ್ಟೇ. ಶುಕ್ರವಾರ ಸಂಜೆ ಅವನ ಕಟ್ಟಡದ ನಾಲ್ಕೈದು ಕನ್ನಡದ ಮನೆಗಳವರು ಬಂದು ಕೂರುತ್ತಿದ್ದರು. ಚಾಪೆ ಅವನದಾದ್ದರಿಂದ ಅಧ್ಯಕ್ಷನೂ ಅವನೇ. ಮನೆಯಲ್ಲಿ ಕೊಂಕಣಿ ಆಡುವ ಉಡುಪಿ ಕಡೆಯ ಕ್ರೈಸ್ತನಿಗೆ ಕನ್ನಡದ ರಾಜ್ಯ ಯಾಕಪ್ಪಾ ಎಂದು ಹೆಂಡತಿ ರೋಸಲಿಂಡ್ ಕೇಳಿದ್ದಳು. ಕೊಂಕಣಿಯವರ ಕೂಟದಲ್ಲಿ ಕುರ್ಚಿ ಜೋಡಿಸುವ ಕೆಲಸಕ್ಕೂ ಪೈಪೋಟಿ ಇದೆ ಎಂದು ಅವನು ಒಪ್ಪಿಕೊಂಡಿದ್ದ. ಆಫೀಸಿನಲ್ಲಿ ಎ.ಸಿ.ಯ ರಿಮೋಟ್ ಮುಟ್ಟಲೂ ಅಧಿಕಾರವಿಲ್ಲದವನಿಗೆ ಎಲ್ಲಾದರೂ ಒಂದು ಕಡೆ ಅಧ್ಯಕ್ಷನಾಗುವ ಆಸೆ ಇರಬಾರದೇ?

ನಿಜವಾದ ಕಾರಣ ಮಗಳು ಮೆಲಿಸ್ಸಾ. ಹುಟ್ಟಿದ್ದು ಇಲ್ಲೇ, ಓದುವುದು ಇಲ್ಲೇ. ಯಾವೂರು ಎಂದು ಕೇಳಿದರೆ "ಗುಬ್ರಾ, ಬಿಹೈಂಡ್ ದ ಪೆಟ್ರೋಲ್ ಪಂಪ್" ಎನ್ನುತ್ತಿದ್ದಳು. ಅಪ್ಪನ ವೀಸಾ ಮುಗಿದ ದಿನ ಆ ಊರೂ ಮುಗಿಯುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಗೊತ್ತಾಗುವ ಮೊದಲು ಅವಳಿಗೆ ತನ್ನದೆನ್ನುವ ನಾಡೊಂದು ಇರಬೇಕೆಂದು ಆಸ್ವಾಲ್ಡ್ ಒಳಗೊಳಗೇ ಒದ್ದಾಡುತ್ತಿದ್ದ.

ಚಾಪೆಯ ತುಂಬ ಜನವಾದ ಕೂಡಲೇ ಅಧ್ಯಕ್ಷರಿಗೆ ರಾಜ್ಯ ವಿಸ್ತರಿಸುವ ಹುಚ್ಚು ಹತ್ತಿತು. ವಾದಿ ಅದಾಯ್ ಬಡಾವಣೆಯವರು ತಮ್ಮದೊಂದು ಚಾಪೆ ತಂದು ಸೇರಿಸಿದರು. ದೂರದ ಸುವೈಕ್ ಪಟ್ಟಣದಿಂದ ಬಾಗಲಕೋಟೆಯ ಬಸವಂತ ದೊಡ್ಡ ಜಮಖಾನೆಯನ್ನೇ ಹೊತ್ತು ತಂದ. ಒಂದೇ ಚಾಪೆ ಇದ್ದಾಗ ಕೂತವರೆಲ್ಲ ನಮ್ಮವರು. ಜಾಗ ಹಿಗ್ಗಿದ ಮೇಲೆ ನಮ್ಮವರು ಯಾರು ಎಂಬ ತಕರಾರು ಶುರುವಾಯಿತು.

"ನಿಮ್ಮದು ಪುಸ್ತಕದ ಕನ್ನಡ ರೀ, ಮಂದಿ ಮಾತಾಡೂದಲ್ಲ," ಎಂದ ಬಸವಂತ.

"ನಿಮ್ಮದು ಅರ್ಥ ಆಗ್ಲಿಕ್ಕೆ ನಮಗೆ ಬಿಡಿಸಿ ಹೇಳುವ ಒಬ್ಬ ಜನ ಬೇಕು ಮಾರಾಯ್ರೆ," ಎಂದ ಆಸ್ವಾಲ್ಡ್.

ಜಗಳ ಬಗೆಹರಿಸಲು ಅಧ್ಯಕ್ಷರು ಕಾನೂನು ಹೊರಡಿಸಿದರು. ಚಾಪೆಯ ಮೇಲೆ ಕನ್ನಡ ಮಾತ್ರ. ಯಾವ ಕನ್ನಡವಾದರೂ ಸರಿ. ಬೇರೆ ಭಾಷೆ ಬಾಯಿಗೆ ಬಂದರೆ ಇಳಿದು ಮರಳಿನ ಮೇಲೆ ಕೂರಬೇಕು. ಎಲ್ಲರೂ ಚಪ್ಪಾಳೆ ತಟ್ಟಿದರು. "ಓಕೆ ಡ್ಯಾಡಾ" ಎಂದಳು ಮೆಲಿಸ್ಸಾ, ಗಡಿಪಾರಾದ ಮೊದಲ ಪ್ರಜೆ ಅವಳೇ ಆದಳು. ಮುಂದಿನ ವಾರಗಳಲ್ಲಿ ಅವಳು ಬಂದವಳೇ ನೇರವಾಗಿ ಮರಳಿಗೆ ಹೋಗಿ ಕೂರತೊಡಗಿದಳು. ನಾಚಿಕೆಯಾದರೆ ಕನ್ನಡ ಕಲಿತಾಳು ಎಂದು ಆಸ್ವಾಲ್ಡ್ ಸುಮ್ಮನಿದ್ದ. ತನ್ನ ಜಾಣತನದ ಬಗ್ಗೆ ಅವನಿಗೆ ಮೊದಲಿನಿಂದಲೂ ಒಳ್ಳೆಯ ಅಭಿಪ್ರಾಯ.

ಒಂದು ಶುಕ್ರವಾರ ಬಸವಂತನ ತಾಯಿ ಮಲ್ಲಕ್ಕ ಬಂದರು. ಮಗನ ಮನೆಗೆಂದು ಆಗಷ್ಟೇ ಊರಿಂದ ಬಂದವರು. ಚಾಪೆಯ ಅಂಚಿನಲ್ಲಿ ಕೂತು, ಹೊರಗೆ ಮರಳಿನಲ್ಲಿ ಒಬ್ಬಳೇ ಇದ್ದ ಹುಡುಗಿಯನ್ನು ಕರೆದು ಕೇಳಿದರು.

"ಯಾವೂರವ್ವಾ ನಿಂದು?"

ಆಸ್ವಾಲ್ಡ್ ಚಹಾದ ಲೋಟ ಹಿಡಿದೇ ಮುಂದಕ್ಕೆ ಬಾಗಿದ. ಮೆಲಿಸ್ಸಾ ಸ್ವಲ್ಪ ಯೋಚಿಸಿದಳು. ಆಮೇಲೆ ಮೊದಲ ಸಲ, ಒಂದು ತಪ್ಪೂ ಇಲ್ಲದ ಕನ್ನಡದಲ್ಲಿ ಹೇಳಿದಳು.

"ನಾನು ಹೊರಗಿನವಳು, ಅಜ್ಜಿ."

ಲೋಟ ವಾಲಿತು. ಸುಡುವ ಚಹಾ ತೊಡೆಯ ಮೇಲೆ ಬಿತ್ತು.

"ದೆವಾ ಸಾಯ್ಬಾ, ಮೆಲೊಂ!"

ಪ್ರಾಣ ಹೋಗುವ ಹೊತ್ತಿಗೆ, ದೇವರೇ ಸತ್ತೆ ಎನ್ನಲು, ಅಧ್ಯಕ್ಷರ ಬಾಯಿಂದ ಬಂದದ್ದು ಅಪ್ಪಟ ಕೊಂಕಣಿ. ಚಾಪೆಯ ಮೇಲೆ ನಗೆ ಎದ್ದಿತು.

"ಅಧ್ಯಕ್ಷರ, ಕಾನೂನು ನೀವ ಮಾಡಿದ್ದು. ಇಳೀರಿ ಮತ್ತ," ಎಂದ ಬಸವಂತ.

ಆಸ್ವಾಲ್ಡ್ ಇಳಿದ. ತೊಡೆ ಉರಿಯುತ್ತಿತ್ತು. ಆದರೆ ಎದೆಗೆ ಚುಚ್ಚಿದ್ದು ಬೇರೆ. ಮಗಳಿಗೆ ನಾಡು ಕೊಡಿಸಲು ಹೊರಟವನು ಅವಳಿಗೆ ಕಲಿಸಿದ್ದು ಅದೊಂದೇ ವಾಕ್ಯ. ಇಂಥ ಬುದ್ಧಿವಂತನನ್ನು ಅಧ್ಯಕ್ಷನೆಂದು ಒಪ್ಪಿಕೊಂಡ ಪ್ರಜೆಗಳ ಮೇಲೆ ಅವನಿಗೆ ಕನಿಕರ ಬಂತು.

ಅವಳ ಪಕ್ಕ ಹೋಗಿ ಕೂತ. ಮರಳು ಇನ್ನೂ ಬೆಚ್ಚಗಿತ್ತು. ಮೆಲಿಸ್ಸಾ ತನ್ನ ಚಪ್ಪಲಿ ಸರಿಸಿ ಅವನಿಗೆ ಜಾಗ ಮಾಡಿಕೊಟ್ಟಳು. ರಾಜ್ಯ ಕಟ್ಟುವ ಅಭ್ಯಾಸಬಲದಿಂದ ಅವನ ಬೆರಳು ಇಬ್ಬರ ಸುತ್ತ ಮರಳಿನಲ್ಲಿ ಗಡಿ ಗೆರೆ ಎಳೆಯತೊಡಗಿತ್ತು.

ಮಗಳು ಹಿಮ್ಮಡಿಯಿಂದ ಆ ಗೆರೆಯನ್ನು ಅಳಿಸಿದಳು.

"ನಾಕಾ, ಡ್ಯಾಡಾ," ಎಂದಳು. ಬೇಡ ಎನ್ನಲು ಅವನ ಅಮ್ಮ ಆಡುತ್ತಿದ್ದ ಕೊಂಕಣಿ ಮಾತು ಅದು, ಅದೇ ರಾಗದಲ್ಲಿ.