ಸೂಜಿಗೂ ಎಡಬಲ ಉಂಟು

ನಮ್ಮತ್ತೆ ನಲವತ್ತು ವರ್ಷದಿಂದ ಬಟ್ಟೆ ಹೊಲಿಯುವವರು. ಹೋದ ತಿಂಗಳು ಅವರ ಹೊಲಿಗೆ ಯಂತ್ರದ ತಲೆಭಾಗ ಸವೆದುಹೋಯಿತೆಂದು ರಿಪೇರಿಯವನು ಅದೇ ಸ್ಟ್ಯಾಂಡಿನ ಮೇಲೆ ಇನ್ನೊಂದನ್ನು ಕೂರಿಸಿಕೊಟ್ಟ. ಅದೇ ಕಪ್ಪು ಬಣ್ಣ, ಅದೇ ಚಕ್ರ. ತನ್ನ ಕೈಯಾರೆ ಎರಡು ಸಾಲು ಹೊಲಿದೂ ತೋರಿಸಿದ. ಆದರೆ ಅತ್ತೆ ತಮ್ಮ ಸೂಜಿ ಹಾಕಿ ಕೂತರೆ ಒಂದು ಹೊಲಿಗೆ ಬಿದ್ದಲ್ಲಿ ನಾಲ್ಕು ಮಾಯ. ದಾರ ತುಂಡು.

ಮತ್ತೆ ಕರೆಸಿದಾಗ ಅವನು, "ಯಂತ್ರ ಸರಿಯಾಗೇ ಇದೆಯಮ್ಮ. ನಿಮಗೆ ವಯಸ್ಸಾಯ್ತು, ಅಷ್ಟೇ," ಅಂದುಬಿಟ್ಟ.

ಆ ಮಾತು ನಾಟಿತು. "ಮಾರಿಬಿಡು. ಕೈ ಹೋದ ಮೇಲೆ ಕಸುಬು ಯಾಕೆ?" ಎಂದರು ಅತ್ತೆ. ಒಂದು ವಾರ ಯಂತ್ರದ ಹತ್ತಿರವೂ ಸುಳಿಯಲಿಲ್ಲ.

ನಾನು ಬಸ್ಸು ಓಡಿಸುವವಳು. ಹೊಲಿಗೆಯೆಂದರೆ ಗುಂಡಿ ಹಚ್ಚುವಷ್ಟೇ. ಅವರು ಕೊನೆಯ ಸಲ ಕೂತಾಗ ತೆಗೆದ ವಿಡಿಯೋವನ್ನು ಹೊಲಿಯುವವರ ಗುಂಪೊಂದಕ್ಕೆ ಹಾಕಿ, "ನಮ್ಮತ್ತೆಗೆ ಹೊಲಿಗೆ ಬೀಳ್ತಿಲ್ಲ. ಏನು ತಪ್ಪು, ಹೇಳಿ" ಎಂದು ಕೇಳಿದೆ. ಡಿಪೋಗೆ ಮರಳುವಷ್ಟರಲ್ಲಿ ಅರವತ್ತಮೂರು ಉತ್ತರ!

ರಜೆಯ ಬೆಳಿಗ್ಗೆ ಅತ್ತೆಯನ್ನು ಯಂತ್ರದ ಮುಂದೆ ಕೂರಿಸಿ, ಪಕ್ಕ ಕೂತು ಓದಿದೆ.

"ಎಣ್ಣೆ ಬಿಡಿ ಅಂತಿದ್ದಾರೆ."

"ಬಿಟ್ಟಾಯ್ತು. ಇನ್ನೂ ಬಿಟ್ಟರೆ ಯಂತ್ರಾನೇ ಜಾರಿ ಬೀದಿಗೆ ಹೋಗುತ್ತೆ."

"ದಾರ ಬದಲಾಯಿಸಿ ಅಂತ ಹನ್ನೊಂದು ಜನ."

"ಆ ಹನ್ನೊಂದು ಜನಕ್ಕೂ ಬೇರೆ ಕೆಲಸ ಇಲ್ಲ."

"ಸೊಸೆ ಬದಲಾಯಿಸಿ ನೋಡಿ ಅಂತ ಒಬ್ಬಳು."

ಅತ್ತೆ ಕಿಸಕ್ಕನೆ ನಕ್ಕರು. "ಇವಳಿಗೆ ಮಾತ್ರ ಬುದ್ಧಿ ಇದೆ ನೋಡು."

ಅದರ ಕೆಳಗೆ ಯಾರೋ ನಿವೃತ್ತ ಮೆಕ್ಯಾನಿಕ್ ವಿಡಿಯೋದಿಂದ ಒಂದು ಚಿತ್ರ ತೆಗೆದು, ಸೂಜಿಯ ಸುತ್ತ ಕೆಂಪು ಗೆರೆ ಎಳೆದಿದ್ದರು. "ಈ ಯಂತ್ರಕ್ಕೆ ಸೂಜಿಯ ಚಪ್ಪಟೆ ಬದಿ ಎಡಕ್ಕಿರಬೇಕು, ದಾರ ಬಲದಿಂದ ಪೋಣಿಸಬೇಕು. ಅಮ್ಮ ಎರಡನ್ನೂ ಅದಲುಬದಲು ಮಾಡಿದ್ದಾರೆ." ಇನ್ನೊಬ್ಬ ಹೆಂಗಸು ಸೇರಿಸಿದ್ದಳು: "ಯಂತ್ರ ಬದಲಾಯಿಸಿದಾಗ ನನಗೂ ಹೀಗೇ ಆಯ್ತು, ಹಳೆಯದರಲ್ಲಿ ಎಡಬಲ ತಿರುಗುಮುರುಗು. ಹೊಸಬರಿಗೆ ಈ ತಪ್ಪು ಆಗಲ್ಲ, ಅವರು ನೋಡಿಕೊಂಡು ಹಾಕ್ತಾರೆ. ಕೈ ಪಳಗಿದವರಿಗೇ ಆಗೋದು."

"ಇನ್ನೊಂದ್ಸಲ ಓದು," ಎಂದರು ಅತ್ತೆ.

ಓದಿದೆ.

"ಕೊನೇದು ಮಾತ್ರ ಓದೇ."

ಮೂರನೇ ಸಲ ಓದುವಾಗ ಅವರ ಬೆರಳು ಸೂಜಿಯ ತಿರುಪು ಸಡಿಲಿಸುತ್ತಿತ್ತು. ಸೂಜಿ ತಿರುಗಿಸಿದರು, ಬಲದಿಂದ ದಾರ ಪೋಣಿಸಿದರು. ಹಳೆಯ ದಿಂಬಿನ ಚೀಲವೊಂದನ್ನು ಕೊಟ್ಟೆ. ಟಕಟಕಟಕ... ಈ ಅಂಚಿನಿಂದ ಆ ಅಂಚಿನವರೆಗೆ ಒಂದೇ ಒಂದು ಹೊಲಿಗೆ ತಪ್ಪಲಿಲ್ಲ. ಅತ್ತೆ ಅದರ ಮೇಲೆ ಉಗುರೆಳೆದು ನೋಡಿದರು, ಬಟ್ಟೆ ತಿರುವಿ ಹಿಂಬದಿಯಲ್ಲೂ ನೋಡಿದರು.

"ಅಲ್ಲಿ ಬೇರೆಯವರು ಏನೇನು ಕೇಳಿದ್ದಾರೆ?" ಎಂದರು ಕತ್ತು ಎತ್ತದೆ.

"ಕಾಲರ್ ಮೂಲೆ ಚೂಪಾಗಿ ಬರ್ತಿಲ್ಲ, ಏನು ಮಾಡಲಿ ಅಂತ ಒಂದು ಹುಡುಗಿ."

"ಮೂಲೇಲಿ ಸೊಟ್ಟಗೆ ಒಂದು ಹೊಲಿಗೆ ಹಾಕು, ಹೆಚ್ಚಿನ ಬಟ್ಟೆ ಕತ್ತರಿಸು, ಆಮೇಲೆ ತಿರುವು ಅಂತ ಬರಿ. ಕತ್ತರಿ ತುದೀಲಿ ತಿವೀಬೇಡ ಅಂತಾನೂ ಬರಿ."

ಬರೆದೆ. ಐದೇ ನಿಮಿಷ, ಸೊಟ್ಟ ಹೊಲಿಗೆ ಬೇಕಿಲ್ಲ ಎಂದು ಯಾರೋ ಎದುರುತ್ತರ ಕೊಟ್ಟರು. ಅತ್ತೆ ಕನ್ನಡಕ ಸರಿಮಾಡಿಕೊಂಡು ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡರು.

"ಬೇಕಿಲ್ವಂತಾ? ತೆಳು ಬಟ್ಟೆಗೆ ಸರಿ, ದಪ್ಪ ಬಟ್ಟೆಗೆ ಏನು ಮಾಡ್ತಾರಂತೆ? ಕೇಳು, ಕೇಳು. ಗೊತ್ತಿದ್ದರೆ ನಾನೂ ಕಲೀತೀನಿ."