ಉಗುರುಬೆಚ್ಚನೆಯ ನೀರು

ನನ್ನ ನಾಲಿಗೆ ನನ್ನ ಕತ್ತರಿಗಿಂತ ಚೂಪು ಎಂದು ನೆರೆಹೊರೆಯವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ನನ್ನ ಮಗ ಶವಪೆಟ್ಟಿಗೆ ಮಾಡುತ್ತಾನೆ, ನಾನು ಅದರೊಳಗೆ ಹತ್ತಿ ತುಂಬಿ ಬಿಳಿ ಬಟ್ಟೆ ಹೊಲಿದು ಕೂರಿಸುತ್ತೇನೆ. ಸತ್ತವರಿಗೆ ಮೂವತ್ತು ವರ್ಷ ಹಾಸಿಗೆ ಹಾಸಿದವಳ ಬಾಯಲ್ಲಿ ಜೇನು ಸುರಿಯುತ್ತದೆಯೇ?

ಸೊಸೆ ಬಂದ ದಿನದಿಂದ ನನಗೂ ಅವಳಿಗೂ ಎಣ್ಣೆ ಸೀಗೆಕಾಯಿ. ನಾಲ್ಕು ವರ್ಷ ಅವಳಿಗೆ ಮಕ್ಕಳಾಗಲಿಲ್ಲ. “ನಮ್ಮ ಅಂಗಡೀಲಿ ಹಲಗೆ ಬೇಕಾದ್ರೂ ಚಿಗುರೀತು, ಇವಳು ಚಿಗುರಲ್ಲ” ಎಂದು ಗಿರಾಕಿಗಳ ಮುಂದೆಯೇ ಅಂದಿದ್ದೇನೆ. ಅವಳು ತಲೆ ತಗ್ಗಿಸಿ ಮರದ ಹೊಟ್ಟು ಗುಡಿಸುತ್ತಿದ್ದಳು.

ಐದನೆಯ ವರ್ಷ ಗಂಡು ಮಗು ಹುಟ್ಟಿತು, ಒಂದು ಗುರುವಾರ. ಆ ಭಾನುವಾರವೇ ಚರ್ಚಿನಲ್ಲಿ ಜ್ಞಾನಸ್ನಾನ ಎಂದು ಗೊತ್ತಾಗಿತ್ತು. ಆದರೆ ನಾನು ಹೊಲಿಯುತ್ತಿದ್ದ ಬಿಳಿ ನಿಲುವಂಗಿಯ ಲೇಸು ಮುಗಿದಿರಲಿಲ್ಲ. ಜೀವಮಾನವೆಲ್ಲ ಹೆಣಗಳಿಗೆ ಹೊಲಿದ ಕೈ ನನ್ನದು. ಒಮ್ಮೆಯಾದರೂ ಉಸಿರಾಡುವ ಮೈಗೆ ಹೊಲಿದದ್ದನ್ನು ಎಲ್ಲರೂ ನೋಡಲಿ ಎಂಬ ಹಟ ನನಗೆ.

“ಮುಂದಿನ ಭಾನುವಾರ ಆಗ್ಲಿ. ಮಗೂನ ಬರೀ ಟವೆಲ್‌ನಲ್ಲಿ ಸುತ್ಕೊಂಡು ಹೋಗೋಕೆ ನಾವೇನು ಗತಿಗೆಟ್ಟವರಾ?” ಎಂದೆ.

“ಅತ್ತೆ, ಹಾಲು ಸರಿಯಾಗಿ ಕುಡೀತಿಲ್ಲ. ಯಾಕೋ ಭಯ ಆಗುತ್ತೆ. ಈ ವಾರನೇ ಮುಗಿಸಿಬಿಡೋಣ. ಬಟ್ಟೆ ಹೇಗಿದ್ರೇನು?”

“ನಾನು ಮೂರು ಹೆತ್ತವಳು. ನಿನ್ನಿಂದ ಕಲೀಬೇಕಾ? ಬಾಯ್ಮುಚ್ಕೊಂಡು ಹಾಲು ಕೊಡು.”

ಮುಂದಿನ ಗುರುವಾರ ಬೆಳಿಗ್ಗೆ ಮಗು ಅವಳ ತೋಳಿನಲ್ಲೇ ತಣ್ಣಗಾಯಿತು. ಲೇಸು ಇನ್ನೂ ಒಂದು ಗೇಣು ಬಾಕಿಯಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಆಗ ಇದ್ದವರು ಹಳೆಯ ಪಾದ್ರಿ. ಅಂಗಡಿಗೇ ಬಂದರು. ಮಗ ಅಷ್ಟು ಚಿಕ್ಕ ಪೆಟ್ಟಿಗೆಯ ಹಲಗೆ ಕೊಯ್ಯುತ್ತಿದ್ದ, ಸೊಸೆ ಮಗುವನ್ನು ಮಡಿಲಲ್ಲಿಟ್ಟುಕೊಂಡು ನೆಲದ ಮೇಲೆ ಕೂತಿದ್ದಳು.

“ಜ್ಞಾನಸ್ನಾನ ಆಗದ ಕೂಸು. ಸಮಾಧಿಭೂಮಿ ಒಳಗೆ ಜಾಗ ಇಲ್ಲ. ಗೋಡೆ ಆಚೆ ಹೂಳಿ” ಎಂದರು.

ಗೋಡೆಯ ಆಚೆ ಎಂದರೆ ಒಣಗಿದ ಹೂಹಾರ, ಮುರಿದ ಶಿಲುಬೆ ಎಸೆಯುವ ಜಾಗ. ನಾಯಿಗಳು ಕೆದಕುತ್ತವೆ.

“ಫಾದರ್, ಎಂಟು ದಿನದವನು. ಅಲ್ಲಿ ಒಬ್ನೇ ಹೇಗಿರ್ತಾನೆ?” ಎಂದಳು ಸೊಸೆ.

“ನಿಯಮ ನಾನು ಮಾಡಿದ್ದಲ್ಲಮ್ಮ.”

ಗರಗಸ ನಿಂತಿತು. ಮಗ ನನ್ನನ್ನೇ ನೋಡುತ್ತಿದ್ದ.

“ಜ್ಞಾನಸ್ನಾನ ಆಗಿದೆ ಫಾದರ್. ನಾನೇ ಕೊಟ್ಟೆ” ಎಂದೆ.

ಜೀವ ಹೋಗುವ ಹೊತ್ತಿನಲ್ಲಿ ಯಾರು ಬೇಕಾದರೂ ಕೂಸಿನ ತಲೆಗೆ ನೀರು ಹಾಕಿ, ಪಿತ ಸುತ ಪವಿತ್ರಾತ್ಮರ ಹೆಸರು ಹೇಳಿದರೆ ಸಾಕು, ಅದೂ ಜ್ಞಾನಸ್ನಾನವೇ. ಚಿಕ್ಕಂದಿನಲ್ಲಿ ಚರ್ಚಿನಲ್ಲಿ ಕಲಿತಿದ್ದೆ. ಬೇಕಾದ ಹೊತ್ತಿಗೆ ನೆನಪಾಗದೆ, ಸುಳ್ಳು ಹೇಳುವ ಹೊತ್ತಿಗೆ ನೆನಪಾಯಿತು ನೋಡಿ.

ಪಾದ್ರಿ ಬೈಬಲ್ ಮುಂದೆ ಹಿಡಿದರು. ಅದರ ಮೇಲೆ ಕೈಯಿಟ್ಟು ಸತ್ಯದ ತಲೆಯ ಮೇಲೆ ಹೊಡೆದ ಹಾಗೆ ಹೇಳಿದೆ. ಬೆಳಗಿನ ಜಾವ ಇವಳಿಗೆ ಜೊಂಪು ಹತ್ತಿತ್ತು, ಮಗುವಿನ ಉಸಿರು ಸರಿಯಿರಲಿಲ್ಲ, ಎತ್ತಿಕೊಂಡು ಹೋಗಿ ಸ್ಟೀಲ್ ಲೋಟದಿಂದ ಉಗುರುಬೆಚ್ಚನೆಯ ನೀರು ಹಾಕಿದೆ ಎಂದೆ.

“ಮಗು ಅಳಲಿಲ್ವಾ?”

“ಇಲ್ಲ ಫಾದರ್. ಒಂದ್ಸಲ ಸೀನಿತು.”

ಸೊಸೆ ತಲೆಯೆತ್ತಿ ನನ್ನನ್ನು ನೋಡಿದಳು.

ಗೋಡೆಯ ಒಳಗೇ ಹೂತೆವು. ಆ ನಿಲುವಂಗಿಯನ್ನೇ ತೊಡಿಸಿ, ಲೇಸಿಲ್ಲದ ಅಂಚನ್ನು ಪಾದದ ಕೆಳಗೆ ಮಡಚಿಟ್ಟೆ.

ಮಾರನೆಯ ಮಧ್ಯಾಹ್ನ ಊಟವಾದ ಮೇಲೆ ಸೊಸೆ ಅಂಗಡಿಗೆ ಬಂದು ನನ್ನ ಹೊಲಿಗೆ ಯಂತ್ರದ ಪಕ್ಕ ಸ್ಟೂಲು ಎಳೆದು ಕೂತಳು. “ಅತ್ತೆ, ನೀರು ಹಾಕಿದ್ದು ಹೇಳಿ” ಎಂದಳು. ಹೇಳಿದೆ. ಅದರ ಮಾರನೆಯ ದಿನವೂ ಬಂದಳು.

“ನಿನ್ನೆ ತಾನೇ ಹೇಳಿದ್ನಲ್ಲೇ?”

“ಇವತ್ತೂ ಹೇಳಿ.”

ಎರಡು ವರ್ಷ, ದಿನಾ. ಯಾವ ಕೈಯಲ್ಲಿ ಹಿಡಿದಿದ್ರಿ? ಕಣ್ಣು ಬಿಟ್ಟನಾ? ಸೀನಿದಾಗ ಮೂಗು ಹೇಗೆ ಮಾಡಿದ? ದಿನಕ್ಕೊಂದು ಹೊಸ ಸುಳ್ಳು ನೇಯಬೇಕಿತ್ತು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ದೇವರ ಗ್ರಂಥ ಮುಟ್ಟಿ ಸುಳ್ಳಾಡಿದವಳು ಪೂಜೆಯಲ್ಲಿ ಪಾದ್ರಿ ಕೊಡುವ ಪರಮಪ್ರಸಾದಕ್ಕೆ ನಾಲಿಗೆ ಚಾಚುವುದು ಹೇಗೆ? ಮಂಡಿನೋವು ಎಂದು ಹೇಳಿ ಚರ್ಚಿನ ಕೊನೆಯ ಬೆಂಚಿನಲ್ಲೇ ಉಳಿದೆ. ಅವಳೋ ಮುಂದಿನ ಸಾಲಿನಲ್ಲಿ ನಿಂತು ಹಾಡುತ್ತಿದ್ದಳು. ದಿನದಿಂದ ದಿನಕ್ಕೆ ಅವಳ ಮುಖ ತಿಳಿಯಾಯಿತು. ನನ್ನ ಆತ್ಮ ಹಾಳಾದರೂ ಅವಳಿಗೆ ಸಮಾಧಾನ ಸಿಕ್ಕಿತಲ್ಲ ಎಂದು ನಾನು ಒಳಗೊಳಗೇ ಬೀಗುತ್ತಿದ್ದೆ. ಹೌದು, ಬೀಗುತ್ತಿದ್ದೆ.

ಆಮೇಲೆ ಹೊಸ ಪಾದ್ರಿ ಬಂದರು. ಒಂದು ಭಾನುವಾರ ಪ್ರಸಂಗದಲ್ಲಿ, ಜ್ಞಾನಸ್ನಾನವಿಲ್ಲದೆ ಹೋದ ಕೂಸುಗಳನ್ನೂ ದೇವರು ಕೈಬಿಡುವುದಿಲ್ಲ, ಆ ಗೋಡೆ ಕಟ್ಟಿದ್ದು ನಾವು, ದೇವರಲ್ಲ ಎಂದರು. ಮುಂದಿನ ತಿಂಗಳು ಅದನ್ನು ಒಡೆಸುತ್ತಾರಂತೆ. ಹಾಗಾದರೆ ನನ್ನ ಆಣೆ ಯಾತಕ್ಕಾಯಿತು?

ಮನೆಗೆ ಬಂದವಳೇ ಸೊಸೆಯ ಮುಂದೆ ಕುಸಿದೆ. “ಸುಳ್ಳು ಕಣೇ. ನಾನು ನೀರು ಹಾಕ್ಲೇ ಇಲ್ಲ.”

ಅವಳು ಬಟ್ಟೆ ಮಡಚುತ್ತಿದ್ದಳು. ಕೈ ನಿಲ್ಲಲಿಲ್ಲ.

“ಗೊತ್ತು” ಎಂದಳು. “ಆ ರಾತ್ರಿ ನಾನು ರೆಪ್ಪೆ ಮುಚ್ಚಿಲ್ಲ. ನೀವು ಅವನನ್ನ ಎತ್ಕೊಂಡಿದ್ದು ಒಂದೇ ಸಲ. ಅದೂ ಅಂಗಿ ಅಳತೆ ತಗೊಳ್ಳೋಕೆ.”

“ಗೊತ್ತಿದ್ದೂ ದಿನಾ ಕೇಳ್ತಿದ್ಯಾ?”

“ನೀವು ದಿನಾ ಸಾಯ್ಲಿ ಅಂತ.”

ಅವಳ ದನಿ ಏರಲೇ ಇಲ್ಲ. ಏರಿದ್ದರೆ ನಾನೂ ಏರಿಸುತ್ತಿದ್ದೆ.

“ಗೋಡೆ ಒಳಗೆ ಜಾಗ ಸಿಗ್ಲಿ ಅಂತ ಅವತ್ತು ಸುಮ್ನಿದ್ದೆ. ಆದ್ರೆ ನನಗೆ ಸಮಾಧಾನ ಕೊಟ್ಟಿದ್ದು ನಿಮ್ಮ ಲೋಟ ಅಲ್ಲ ಅತ್ತೆ. ಅವನು ತಣ್ಣಗಾಗ್ತಿದ್ದಾಗ, ಯೇಸುವೇ, ನನ್ನ ಕೈಲಾಗಲ್ಲ, ನೀನೇ ಎತ್ಕೋ ಅಂದೆ. ಎತ್ಕೊಂಡ. ನನ್ನ ತೋಳಿಗೆ ಗೊತ್ತಾಯ್ತು. ಲೇಸು ಮುಗಿದಿದ್ಯಾ ಅಂತ ಕೇಳ್ಲಿಲ್ಲ.” ಕೊನೆಯ ಬಟ್ಟೆ ಮಡಚಿಟ್ಟಳು. “ಅತ್ತೆನ ಕ್ಷಮಿಸು ಅಂತ ಯೇಸು ದಿನಾ ಹೇಳ್ತಾನೆ. ಮುಂದಿನ ಭಾನುವಾರ ಆಗ್ಲಿ ಅಂತೀನಿ.”

ಮಾರನೆಯ ದಿನ ಹೊಸ ಪಾದ್ರಿಯ ಹತ್ತಿರ ಪಾಪನಿವೇದನೆ ಮಾಡಿದೆ. ಅವರು ಗದರಲೂ ಇಲ್ಲ. ದೇವರು ಕ್ಷಮಿಸಿದ್ದಾನೆ, ಹೋಗಿ ಬನ್ನಿ ತಾಯಿ ಎಂದರು. ದೇವರದ್ದು ಇಷ್ಟು ಸುಲಭವಾಗಿ ಮುಗಿಯಿತು.

ಸೊಸೆ ಅಂಗಡಿಗೆ ಬರಲಿಲ್ಲ. ಮರುದಿನವೂ ಇಲ್ಲ. ಸ್ಟೂಲು ಖಾಲಿ ಬಿದ್ದಿತ್ತು. ಸೂಜಿಗೆ ದಾರ ಪೋಣಿಸಲು ಆಗದೆ ನಾಲ್ಕು ಸಲ ಬೆರಳು ಚುಚ್ಚಿಕೊಂಡೆ. ಮೂರನೆಯ ಮಧ್ಯಾಹ್ನ ನಾನೇ ಅಡುಗೆಮನೆಗೆ ಹೋದೆ.

“ಇವತ್ತೂ ಕೇಳಲ್ವಾ?”

“ಸುಳ್ಳನ್ನ ಇನ್ಯಾಕೆ ಕೇಳ್ಬೇಕು?”

“ಆ ಸೀನಿದ್ದು ಒಂದನ್ನ ಬಿಟ್ಕೊಡೇ ತಾಯಿ. ಅವನದ್ದು ಅಂತ ನನ್ನ ಹತ್ರ ಬೇರೆ ಏನೂ ಇಲ್ಲ” ಎಂದೆ. ಜನ್ಮದಲ್ಲಿ ಅವಳ ಮುಂದೆ ಅತ್ತವಳಲ್ಲ ನಾನು. ಅವತ್ತು ಅತ್ತುಬಿಟ್ಟೆ.

ಅವಳು ಬಹಳ ಹೊತ್ತು ಪಾತ್ರೆ ತೊಳೆದಳು. ನಲ್ಲಿ ನಿಲ್ಲಿಸಿ ಸೆರಗಿಗೆ ಕೈ ಒರೆಸಿಕೊಂಡಳು.

“ಸೀನಿದ್ದ” ಎಂದಳು. “ಐದನೇ ದಿನ. ಕಿಟಕಿ ಬಿಸಿಲು ಮುಖಕ್ಕೆ ಬಿತ್ತು ನೋಡಿ, ಎರಡು ಸಲ ಸೀನಿದ. ಆಮೇಲೆ ತಾನೇ ಬೆಚ್ಚಿಬಿದ್ದು ಕೈ ಮೇಲೆತ್ತಿದ.”

“ನಿಜವಾಗ್ಲೂ?”

“ಹೂಂ. ಅತ್ತೆ, ಬನ್ನಿ ನೋಡಿ ಅಂತ ಕೂಗಿದೆ. ಲೇಸು ಹೊಲೀತಿದ್ದೀನಿ, ಆಮೇಲೆ ಬರ್ತೀನಿ ಅಂದ್ರಿ.”